ಹತ್ತಿಯ ಹಣ ಯಾರ ಕೈಗೆ?

ಬೆಳೆದು ನಿಂತ ಹತ್ತಿಯನ್ನು ಉತ್ತು ಮಣ್ಣುಗೂಡಿಸಿದರೆ ಸರಕಾರ ಹಣ ಕೊಡುತ್ತದೆಂದು ಹೇಳಿದರೆ ನಮ್ಮ ಹಳ್ಳಿಗಳ ಹಿರಿಯರು ನಂಬಲಾರರು. ಆದರೆ 1933ರ ಬೇಸಗೆಯಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇದೇ ನಡೆಯಿತು. ಒಂದು ಕೋಟಿ ಎಕರೆಗೂ ಮಿಕ್ಕ ಹತ್ತಿ ನೇಗಿಲಿನ ಬಾಯಿಗೆ ಹೋಯಿತು. ಗಿಡ ತುಳಿಯದೆ ಸಾಲುಗಳ ನಡುವೆ ನಡೆಯಲು ಪಳಗಿದ್ದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲವೆಂದು ಆಗಿನ ಜನ ಹೇಳಿಕೊಳ್ಳುತ್ತಿದ್ದರು.

ಇದಕ್ಕೆ ಕಾರಣವಿತ್ತು. 1929ರಲ್ಲಿ ಪೌಂಡಿಗೆ 16 ಸೆಂಟಿಗೆ ಮೇಲಿದ್ದ ಹತ್ತಿಯ ಬೆಲೆ 1932ರ ಹೊತ್ತಿಗೆ 6 ಸೆಂಟಿನ ಆಸುಪಾಸಿಗೆ ಇಳಿದಿತ್ತು. ಬೆಳೆ ತಗ್ಗಿದರೆ ಬೆಲೆ ಏರೀತೆಂದು ಅಧ್ಯಕ್ಷ ರೂಸ್‌ವೆಲ್ಟರ ಸರಕಾರ 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಶಾಸನವನ್ನು ತಂದಿತು. ಗಿರಣಿಗಳಿಂದ ತೆರಿಗೆ ಎತ್ತಿ, ಬೇಸಾಯ ಕಡಿಮೆ ಮಾಡಿದವರಿಗೆ ಸಹಾಯಧನ ಹಂಚುವುದು ಅದರ ಏರ್ಪಾಡು. ಬೆಲೆ ಏರಿದ್ದೂ ನಿಜ. ಆದರೆ ಹಣ ಯಾರ ಕೈ ಸೇರಿತು?

ಇದನ್ನರಿಯಲು ಆರ್ಕನ್ಸಾ ಸಂಸ್ಥಾನದ ಪಾಯಿನ್ಸೆಟ್ ಕೌಂಟಿಯನ್ನು ನೋಡಬೇಕು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಅಲ್ಲಿನ ದೊಡ್ಡ ಜಮೀನುಗಳನ್ನು ಉಳುತ್ತಿದ್ದವರು ಕೋರಿನ ಒಕ್ಕಲುಗಳು. ಅವರಲ್ಲಿ ಬಿಳಿಯರೂ ಇದ್ದರು, ಕರಿಯರೂ ಇದ್ದರು. ನೆಲ, ಹೇಸರಗತ್ತೆ, ಮನೆ ಒಡೆಯನವು, ದುಡಿಮೆ ಒಕ್ಕಲಿನದು, ಬೆಳೆ ಅರ್ಧರ್ಧ.

1934-35ರ ಕರಾರಿನ ಲೆಕ್ಕ ಹೀಗಿತ್ತು: ಬೆಳೆಯದೆ ಬಿಟ್ಟ ಹತ್ತಿಗೆ ಪೌಂಡಿಗೆ ನಾಲ್ಕೂವರೆ ಸೆಂಟು. ಅದರಲ್ಲಿ ಮೂರೂವರೆ ಸೆಂಟು ನೆಲದ ಬಾಡಿಗೆಯೆಂದು ಒಡೆಯನಿಗೆ. ಉಳಿದ ಒಂದು ಸೆಂಟಿನಲ್ಲಿ ಅರ್ಧ ಕೋರಿನವನಿಗೆ. ಎಂದರೆ 9 ಪಾಲಿನಲ್ಲಿ 1 ಪಾಲು. ಅದೂ ಒಡೆಯನ ಕೈಯಿಂದಲೇ ಬರಬೇಕು. ಎಷ್ಟೋ ಸಲ ಹಳೆಯ ಸಾಲಕ್ಕೆ ಜಮೆಯಾಗಿ ಅಲ್ಲೇ ಕರಗುತ್ತಿತ್ತು.

ಒಕ್ಕಲುಗಳ ಸಂಖ್ಯೆಯನ್ನು ಇಳಿಸಬಾರದೆಂದು ಕರಾರಿನ 7ನೆಯ ಕಲಮು ಹೇಳಿತ್ತು. ಆದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತೂ ಅದರಲ್ಲಿತ್ತು. ಉಳುವ ನೆಲ ಕಡಿಮೆಯಾದ ಮೇಲೆ ಆಳು ಏಕೆ ಹೆಚ್ಚು? ಅನೇಕ ಸಂಸಾರಗಳು ಪಾತ್ರೆ ಹಾಸಿಗೆಗಳೊಡನೆ ಬೀದಿಗೆ ಬಿದ್ದವು.

1934ರ ಜುಲೈಯಲ್ಲಿ ಇದೇ ಕೌಂಟಿಯ ಟೈರಾಂಜ ಊರಿನ ಹತ್ತಿರ, ಒಂದು ಶಾಲೆಯ ಕಟ್ಟಡದಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಕೂಡಿ ದಕ್ಷಿಣದ ಒಕ್ಕಲುಗಳ ಸಂಘವನ್ನು ಕಟ್ಟಿದರು. ಆ ನಾಡಿನಲ್ಲಿ ಎರಡು ಬಣ್ಣದವರು ಒಂದೇ ಸಂಘದಲ್ಲಿ ಕೂರುವುದೇ ಅಪಾಯ. ಸಂಘದವರಿಗೆ ಏಟುಗಳು ಬಿದ್ದವು, ಸೆರೆಮನೆಯೂ ಆಯಿತು. ಇತ್ತ ವಾಷಿಂಗ್ಟನ್ನಿನಲ್ಲಿ, ಇದ್ದ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂದು ಕಲಮಿಗೆ ಅರ್ಥ ಹೇಳಿದ ಇಲಾಖೆಯ ವಕೀಲ ಜೆರೋಮ್ ಫ್ರಾಂಕರೂ ಅವರ ಕೆಲವು ಜೊತೆಗಾರರೂ 1935ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡರು.

1936ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೆರಿಗೆಯ ಏರ್ಪಾಡನ್ನು ತಳ್ಳಿಹಾಕಿತು. ಮುಂದೆ ಬಂದ ಶಾಸನಗಳಲ್ಲಿ ಒಕ್ಕಲಿನ ಪಾಲು ಹೆಚ್ಚಿತು. ಹಣವೂ ನೇರವಾಗಿ ಅವನಿಗೇ ಬರುವಂತಾಯಿತು. ಆದರೆ ಒಕ್ಕಲನ್ನು ಬಿಡಿಸಿ ಕೂಲಿಯವನನ್ನು ಇಟ್ಟುಕೊಂಡರೆ ಪಾಲು ಕೊಡುವ ಮಾತೇ ಇರಲಿಲ್ಲ. ಟ್ರ್ಯಾಕ್ಟರೂ ಬಂದಿತ್ತು.

ಸಂಘದ ನೆನಪಿಗಾಗಿ 2006ರಲ್ಲಿ ಟೈರಾಂಜದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ನೆಲವನ್ನು ಅಳೆದು ಕೊಟ್ಟ ಹಣ ನೆಲದ ಒಡೆಯನನ್ನೇ ಹುಡುಕಿಕೊಂಡು ಹೋಗುತ್ತದೆ. ಉಳುವವನಿಗೂ ಅದು ಮುಟ್ಟಬೇಕಾದರೆ ಅವನ ಹೆಸರನ್ನು ಕರಾರಿನಲ್ಲಿ ಮೊದಲೇ ಬರೆಯಬೇಕು. ‘ಸಾಧ್ಯವಾದ ಮಟ್ಟಿಗೆ’ ಎಂದಲ್ಲ.