ಮನೆಯ ಸಂಕಷ್ಟಕಾಲದಲ್ಲಿ ಎಳೆಯ ಮಕ್ಕಳ ಶಾಲಾ ದಣಿವು: ದಕ್ಷಿಣ ಬೆಂಗಳೂರಿನ ಸಂದರ್ಭದಲ್ಲಿ ಒಂದು ವಿವೇಚನೆ

ಸಾರಾಂಶ

ಮನೆಯಲ್ಲಿ ದೀರ್ಘ ಕಾಯಿಲೆ, ಸಾವು ಅಥವಾ ದಾಂಪತ್ಯದ ಬಿರುಕು ಎದುರಾದಾಗ ಮೂರರಿಂದ ಎಂಟು ವರ್ಷದ ಮಕ್ಕಳು ಶಾಲೆಯಲ್ಲಿ ವಿಪರೀತ ದಣಿಯುತ್ತಾರೆ. ಶಾಲೆ ಇದನ್ನು ಒಮ್ಮೆ ನಡತೆಯ ದೋಷವೆಂದು ನೋಡುತ್ತದೆ, ವಿಷಯ ತಿಳಿದ ಮೇಲೆ ಮನಸ್ಸಿಗಾದ ಗಾಯವೆಂದು ನೋಡುತ್ತದೆ. ಎರಡರ ನಡುವೆ ಇರುವ ಕಾರಣ, ಅಂದರೆ ಕೆಟ್ಟುಹೋದ ನಿದ್ದೆ, ಗಮನಕ್ಕೆ ಬರುವುದೇ ಇಲ್ಲ ಎಂಬುದು ಈ ಲೇಖನದ ವಾದ. ನಮ್ಮ ಮನೆಗಳಲ್ಲಿ ಮಗುವಿನ ನಿದ್ದೆ ಜೊತೆಯಲ್ಲಿ ಮಲಗುವವರನ್ನು ನೆಚ್ಚಿಕೊಂಡಿರುವುದರಿಂದ ಕುಟುಂಬದ ಸಂಕಷ್ಟ ಮೊದಲು ಮುಟ್ಟುವುದು ರಾತ್ರಿಯನ್ನು. ಶಾಲೆಯ ವೇಳಾಪಟ್ಟಿಯಲ್ಲಿ ಇದಕ್ಕೆ ಪರಿಹಾರ ಮಾಡಲು ಕಾನೂನಿನ ಅಡ್ಡಿಯಿಲ್ಲ ಎಂಬುದನ್ನೂ ಲೇಖನ ತೋರಿಸುತ್ತದೆ.

1. ಪ್ರಶ್ನೆ ಮತ್ತು ವ್ಯಾಪ್ತಿ

ಯುಕೆಜಿಯ ಮಗುವೊಂದು ಬೆಳಗ್ಗೆ ಹನ್ನೊಂದಕ್ಕೆ ಬೆಂಚಿನ ಮೇಲೆ ತಲೆಯಿಟ್ಟು ತೂಕಡಿಸುತ್ತದೆ. ಇನ್ನೊಂದು ಅದೇ ಹೊತ್ತಿಗೆ ಪಕ್ಕದವನ ಕ್ರೆಯಾನ್ ಕಿತ್ತುಕೊಂಡು, ಮಿಸ್ ಕೇಳಿದರೆ ರಚ್ಚೆ ಹಿಡಿದು ನೆಲದ ಮೇಲೆ ಬೀಳುತ್ತದೆ. ಮೊದಲನೆಯದನ್ನು ಸೋಮಾರಿತನ ಎನ್ನುತ್ತಾರೆ, ಎರಡನೆಯದನ್ನು ಹಠ. ಎರಡೂ ಮನೆಗಳಿಗೆ ಡೈರಿಯಲ್ಲಿ ಒಂದೇ ಸಾಲು ಹೋಗುತ್ತದೆ: ‘ಕ್ಲಾಸಿನಲ್ಲಿ ಗಮನ ಕೊಡುತ್ತಿಲ್ಲ.’ ಆ ವಾರ ಮನೆಯಲ್ಲಿ ಅಜ್ಜನಿಗೆ ಕಿಮೊಥೆರಪಿ ನಡೆಯುತ್ತಿರಬಹುದು, ತಾಯಿ ತವರಿಗೆ ಹೋಗಿರಬಹುದು, ತಂದೆ ಕೆಲಸ ಕಳೆದುಕೊಂಡಿರಬಹುದು. ಡೈರಿಯಲ್ಲಿ ಅದಕ್ಕೆ ಜಾಗವಿಲ್ಲ.

ಪರಿಶೀಲನೆಗೆ ಆರಿಸಿಕೊಂಡಿರುವ ಪ್ರದೇಶ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಲೇಔಟ್. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಎರಡು ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳು ಇಂದಿಗೂ ಸಿಗುತ್ತವೆ. ಬಿಟಿಎಂ ಲೇಔಟಿನ ಬಾಡಿಗೆ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ, ಹತ್ತಿರದಲ್ಲಿ ನೆಂಟರಿಲ್ಲದ ಸಂಸಾರಗಳು ಹೆಚ್ಚು. ಲೇಖನ ಹೊಸ ಸಮೀಕ್ಷೆಯನ್ನು ಆಧರಿಸಿಲ್ಲ. ಪ್ರಕಟಿತ ನಿದ್ರಾ ಸಂಶೋಧನೆ, ಶಾಲೆಗೆ ಸಂಬಂಧಿಸಿದ ಕಾನೂನು ಮತ್ತು ಆದೇಶಗಳು, ಈ ಪ್ರದೇಶದ ದಿನಚರಿ, ಈ ಮೂರನ್ನು ಒಟ್ಟಿಗಿಟ್ಟು ನೋಡುತ್ತದೆ.

2. ದಣಿದ ಮಗು ಕುಣಿಯುವುದೇಕೆ

ನಿದ್ದೆಯನ್ನು ಎರಡು ವ್ಯವಸ್ಥೆಗಳು ನಡೆಸುತ್ತವೆ ಎಂಬ ಮಾದರಿಯನ್ನು ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ಟರು. ಒಂದು, ಎಚ್ಚರವಿದ್ದಷ್ಟು ಹೊತ್ತೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಹಗಲು ರಾತ್ರಿಗೆ ಹೊಂದಿಕೊಂಡ ದೇಹದ ಗಡಿಯಾರ. ಎಳೆಯ ಮಕ್ಕಳಲ್ಲಿ ಈ ಒತ್ತಡ ದೊಡ್ಡವರಿಗಿಂತ ಬೇಗ ಏರುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆ ಬೇಕಾಗುವುದು ಇದರಿಂದಲೇ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ನೀಡಿದ ಶಿಫಾರಸಿನ ಪ್ರಕಾರ 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ನಿದ್ದೆಗೆಟ್ಟ ದೊಡ್ಡವರು ಮಂಕಾಗುತ್ತಾರೆ. ಮಗು ಹಲವು ಸಲ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಹೊತ್ತು ಮೀರಿ ಎಚ್ಚರವಿರಬೇಕಾದಾಗ ದೇಹ ತನ್ನ ಉದ್ರೇಕ ವ್ಯವಸ್ಥೆಯನ್ನು ಎಬ್ಬಿಸಿ ನಿದ್ದೆಯನ್ನು ತಡೆಯುತ್ತದೆ. ಆಗ ಮಗು ಓಡುತ್ತದೆ, ಕಿರುಚುತ್ತದೆ, ಸಣ್ಣ ಮಾತಿಗೂ ಅಳುತ್ತದೆ. ಮೋನಿಕ್ ಲೆಬೂರ್ಜ್ವಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಎರಡೂವರೆಯಿಂದ ಮೂರು ವರ್ಷದ ಹತ್ತು ಮಕ್ಕಳಿಗೆ ಒಂದು ದಿನ ಮಧ್ಯಾಹ್ನದ ನಿದ್ದೆ ಮಾಡಿಸಿ, ಇನ್ನೊಂದು ದಿನ ತಪ್ಪಿಸಿ, ತುಂಡು ಜೋಡಿಸುವ ಆಟ ಕೊಟ್ಟರು. ಒಂದು ಆಟಕ್ಕೆ ಎಲ್ಲ ತುಂಡುಗಳೂ ಸರಿಯಾಗಿದ್ದವು. ಇನ್ನೊಂದರಲ್ಲಿ ಒಂದು ತುಂಡು ಬೇರೆಯದಾಗಿದ್ದು, ಅದು ಪೂರ್ತಿಯಾಗುವಂತೆಯೇ ಇರಲಿಲ್ಲ. ನಿದ್ದೆ ತಪ್ಪಿದ ದಿನ ಸರಿಯಾದ ಆಟದಲ್ಲಿ ಮಕ್ಕಳ ಸಂತೋಷದ ಪ್ರತಿಕ್ರಿಯೆ ಶೇ 34ರಷ್ಟು ಇಳಿಯಿತು. ಕೂಡದ ಆಟದಲ್ಲಿ ಸಿಟ್ಟು, ಬೇಸರ ಶೇ 31ರಷ್ಟು ಏರಿತು. ಇವೆರಡೂ ನಿರೀಕ್ಷಿತವೇ. ಮೂರನೆಯ ಫಲಿತಾಂಶ ಹೆಚ್ಚು ಕಳವಳಕಾರಿ: ಕೂಡದ ಆಟದ ಮುಂದೆ ‘ಇದೇನೋ ಸರಿಯಿಲ್ಲವಲ್ಲ’ ಎಂಬ ಗೊಂದಲ ಶೇ 39ರಷ್ಟು ಕಡಿಮೆಯಾಗಿತ್ತು. ಕಲಿಕೆ ಹುಟ್ಟುವುದೇ ಆ ಗೊಂದಲದಿಂದ. ಅಧ್ಯಯನ ಚಿಕ್ಕದು, ಆದರೆ ಒಂದೇ ಒಂದು ನಿದ್ದೆ ತಪ್ಪಿದ್ದರ ಪರಿಣಾಮ ಅದು ಎಂಬುದನ್ನು ಮರೆಯಬಾರದು.

ಶಿಕ್ಷಕರ ಕಣ್ಣಿಗೆ ಈ ವ್ಯತ್ಯಾಸ ಕಾಣುತ್ತದೆಯೇ? ರೂತ್ ಗ್ರೂಬರ್ ಮತ್ತು ಸಂಗಡಿಗರು 7ರಿಂದ 11 ವರ್ಷದ 34 ಮಕ್ಕಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿತು. ಯಾವ ಮಗು ಎಷ್ಟು ಮಲಗಿದೆ ಎಂಬುದು ಶಿಕ್ಷಕರಿಗೆ ತಿಳಿದಿರಲಿಲ್ಲ. ರಾತ್ರಿಗೆ ಸರಾಸರಿ 27 ನಿಮಿಷ ಹೆಚ್ಚು ಮಲಗಿದ ಮಕ್ಕಳು ಭಾವನೆಗಳಲ್ಲಿ ಹದವಾಗಿದ್ದಾರೆಂದೂ, 54 ನಿಮಿಷ ಕಡಿಮೆ ಮಲಗಿದವರು ಚಡಪಡಿಸುತ್ತಾರೆಂದೂ ಅವರೇ ಗುರುತಿಸಿದರು. ಅಂದರೆ ಶಿಕ್ಷಕರ ಗಮನದಲ್ಲಿ ಕೊರತೆಯಿಲ್ಲ. ಕಂಡದ್ದಕ್ಕೆ ಕೊಡುವ ಕಾರಣ ತಪ್ಪುತ್ತಿದೆ.

3. ನಿದ್ದೆಗೆ ಜೊತೆಯಾದವರು

ನಿದ್ದೆ ಬರಬೇಕಾದರೆ ಕಾವಲು ಬಿಡಬೇಕು. ಸುತ್ತ ಅಪಾಯವಿಲ್ಲ ಎಂಬ ನೆಮ್ಮದಿಯಿದ್ದರೆ ಮಾತ್ರ ದೇಹ ಎಚ್ಚರ ಬಿಡುತ್ತದೆ ಎಂದು ರೊನಾಲ್ಡ್ ಡಾಲ್ 1996ರಲ್ಲಿ ವಿವರಿಸಿದರು. ಮೋನಾ ಎಲ್-ಶೇಖ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಪುಷ್ಟಿ ಕೊಡುತ್ತದೆ. ತಂದೆ ತಾಯಿಯ ಜಗಳ ಹೆಚ್ಚಿದ್ದ ಮನೆಗಳ ಮಕ್ಕಳ ನಿದ್ದೆ ಕದಡಿತ್ತು. ಪಕ್ಕದ ಕೋಣೆಯಲ್ಲಿ ತಗ್ಗಿಸಿದ ದನಿಯಲ್ಲಿ ನಡೆಯುವ ಮಾತಿಗೂ ಮಗು ಕಿವಿಗೊಟ್ಟು ಮಲಗಿರುತ್ತದೆ.

ಈ ಸಂಶೋಧನೆಗಳ ಹಿನ್ನೆಲೆಯಲ್ಲಿರುವುದು ಮಗುವಿಗೆ ಪ್ರತ್ಯೇಕ ಹಾಸಿಗೆ, ಹಲವು ಕಡೆ ಪ್ರತ್ಯೇಕ ಕೋಣೆ ಇರುವ ಸಮಾಜ. ನಮ್ಮಲ್ಲಿ ಮಗು ಅಮ್ಮನ ಇಲ್ಲವೇ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತದೆ. ಕಥೆ, ತಟ್ಟುವ ಕೈ, ಸೀರೆಯ ಸೆರಗು ಇವೇ ನಿದ್ದೆಯ ಸಿದ್ಧತೆ. ಈ ಪದ್ಧತಿಯಲ್ಲಿ ದೋಷವಿಲ್ಲ. ಎಲ್ಲ ಸರಿಯಿದ್ದಾಗ ಇದಕ್ಕಿಂತ ಭದ್ರವಾದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಅಜ್ಜಿಯೇ ಆಸ್ಪತ್ರೆ ಸೇರಿದರೆ, ಅಥವಾ ಅಜ್ಜಿಯ ಜೊತೆಗೆ ಅಮ್ಮ ಅಲ್ಲಿ ಉಳಿದರೆ, ಮಗುವಿಗೆ ಒಬ್ಬ ವ್ಯಕ್ತಿಯ ಜೊತೆಗೆ ನಿದ್ದೆಯೂ ಮನೆಯಿಂದ ಹೊರಟುಹೋದಂತಾಗುತ್ತದೆ. ಕೋಣೆ, ಹಾಸಿಗೆ, ಗೊಂಬೆ ಅಲ್ಲೇ ಇದ್ದರೂ ಪ್ರಯೋಜನವಿಲ್ಲ.

ಇದರ ಜೊತೆಗೆ ನಾವು ತಡವಾಗಿ ಮಲಗುವವರು. ಜೋಡಿ ಮಿಂಡೆಲ್ ಮತ್ತು ಸಂಗಡಿಗರು 17 ದೇಶ, ಪ್ರದೇಶಗಳ ಮೂರು ವರ್ಷದೊಳಗಿನ 29,287 ಮಕ್ಕಳ ಬಗ್ಗೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಲಗುವ ಸರಾಸರಿ ಹೊತ್ತು ನ್ಯೂಜಿಲೆಂಡಿನಲ್ಲಿ ಸಂಜೆ 7.28, ಹಾಂಗ್‌ಕಾಂಗಿನಲ್ಲಿ ರಾತ್ರಿ 10.17. ಭಾರತವೂ ಸೇರಿದಂತೆ ಏಷ್ಯಾದ ಮಕ್ಕಳು ಒಟ್ಟಾರೆ ತಡವಾಗಿ ಮಲಗಿ ಕಡಿಮೆ ನಿದ್ದೆ ಮಾಡುತ್ತಿದ್ದರು. ಮಾಮೂಲಿ ದಿನಗಳಲ್ಲೇ ಅಂಚಿನಲ್ಲಿರುವ ನಿದ್ದೆ ಸಂಕಷ್ಟದ ವಾರದಲ್ಲಿ ಅಂಚು ದಾಟುತ್ತದೆ.

4. ಆಸ್ಪತ್ರೆಗಳ ನೆರೆಯಲ್ಲಿ ಒಂದು ದಿನದ ಲೆಕ್ಕ

ದಕ್ಷಿಣ ಬೆಂಗಳೂರು ಆಸ್ಪತ್ರೆಗಳ ನೆರೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ್ ಗಾಂಧಿ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯ ಜಯದೇವ, ಜಯನಗರದ ಜನರಲ್ ಆಸ್ಪತ್ರೆ ಎಲ್ಲವೂ ಕೆಲವೇ ಕಿಲೋಮೀಟರುಗಳೊಳಗಿವೆ. ಹತ್ತಿರವಿರುವುದು ಅನುಕೂಲವೇ ಸರಿ, ಆದರೆ ಅದೇ ಕಾರಣಕ್ಕೆ ಮನೆಯವರು ಆಸ್ಪತ್ರೆಗೆ ದಿನವೂ ಓಡಾಡುತ್ತಾರೆ, ಮಗುವಿನ ಸಂಜೆಯೂ ಆ ಓಡಾಟಕ್ಕೆ ಸೇರಿಹೋಗುತ್ತದೆ.

ಒಂದು ಊಹೆಯ ದಿನವನ್ನು ಲೆಕ್ಕ ಹಾಕೋಣ. ಬನಶಂಕರಿ ಎರಡನೇ ಹಂತದ ಐದು ವರ್ಷದ ಮಗು. ಅಜ್ಜಿ ಕಿದ್ವಾಯಿಯಲ್ಲಿ, ತಾಯಿ ಅವರ ಜೊತೆಗೆ. ಶಾಲೆ ಬಿಟ್ಟ ಮೇಲೆ ಮಗು ಪಕ್ಕದ ಮನೆಯಲ್ಲಿ. ಏಳೂವರೆಗೆ ತಂದೆ ಆಫೀಸಿನಿಂದ ಬಂದು, ಊಟದ ಕ್ಯಾರಿಯರ್ ಹಿಡಿದು, ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊಸೂರು ರಸ್ತೆಗೆ ಹೋಗುತ್ತಾರೆ. ಮರಳುವಾಗ ಒಂಬತ್ತೂವರೆ. ಹಿಂತಿರುಗುವ ದಾರಿಯಲ್ಲಿ ಮಗು ಹತ್ತು ನಿಮಿಷ ಜೋಂಪು ಹತ್ತಿ, ಮನೆ ಬಾಗಿಲಲ್ಲಿ ಎಚ್ಚರಗೊಳ್ಳುತ್ತದೆ. ಆ ಹತ್ತು ನಿಮಿಷ ನಿದ್ದೆಯ ಒತ್ತಡವನ್ನು ಒಂದಿಷ್ಟು ಇಳಿಸಿರುವುದರಿಂದ ಮತ್ತೆ ಮಲಗುವುದು ಇನ್ನೂ ಕಷ್ಟ. ಊಟ ಮುಗಿದು, ‘ಅಮ್ಮ ಯಾವಾಗ ಬರ್ತಾಳೆ’ ಎಂಬ ಪ್ರಶ್ನೆ ನಾಲ್ಕಾರು ಸಲ ಬಂದು, ಕಣ್ಣು ಮುಚ್ಚುವಾಗ ಹತ್ತೂಮುಕ್ಕಾಲು. ಶಾಲೆಯ ವ್ಯಾನ್ ಏಳೂವರೆಗೆ ಬರುವುದರಿಂದ ಆರೂವರೆಗೆ ಏಳಲೇಬೇಕು. ನಿದ್ದೆ 7 ಗಂಟೆ 45 ನಿಮಿಷ. ಕನಿಷ್ಠ ಹತ್ತು ಗಂಟೆಯೆಂದರೂ ದಿನಕ್ಕೆ 2 ಗಂಟೆ 15 ನಿಮಿಷದ ಸಾಲ. ಐದು ದಿನಕ್ಕೆ 11 ಗಂಟೆ 15 ನಿಮಿಷ. ಶುಕ್ರವಾರದ ಹೊತ್ತಿಗೆ ಈ ಮಗು ಒಂದು ಪೂರ್ತಿ ರಾತ್ರಿಯನ್ನೇ ಕಳೆದುಕೊಂಡಿರುತ್ತದೆ. ಇದರಲ್ಲಿ ತಂದೆಯ ತಪ್ಪು ಏನೂ ಇಲ್ಲ.

ಈ ಲೆಕ್ಕದಲ್ಲಿ ಕುಟುಂಬದ ಕೈಯಲ್ಲಿಲ್ಲದ ಅಂಶವೆಂದರೆ ಬೆಳಗಿನ ಗಂಟೆ. ನಗರದ ಸಂಚಾರ ದಟ್ಟಣೆ ತಗ್ಗಿಸಲು ಶಾಲಾ ಸಮಯ ಬದಲಿಸುವ ಬಗ್ಗೆ ಯೋಚಿಸುವಂತೆ ಕರ್ನಾಟಕ ಹೈಕೋರ್ಟ್ 2023ರಲ್ಲಿ ಸರ್ಕಾರಕ್ಕೆ ಹೇಳಿತು. ಆ ಚರ್ಚೆ ರಸ್ತೆಯ ಕುರಿತಾಗಿತ್ತು. ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪೂರ್ವ ಪ್ರಾಥಮಿಕದಿಂದ ನಾಲ್ಕನೇ ತರಗತಿವರೆಗಿನ ಶಾಲೆಗಳು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಶುರುವಾಗಬಾರದೆಂದು ಆದೇಶಿಸಿದಾಗ ಕೊಟ್ಟ ಕಾರಣ ಮಕ್ಕಳ ನಿದ್ದೆ. ಮೇಲಿನ ಉದಾಹರಣೆಯ ಮಗುವಿಗೆ ಮುಕ್ಕಾಲು ಗಂಟೆ ಹೆಚ್ಚು ಸಿಕ್ಕಿದರೂ ವಾರದ ಸಾಲದಲ್ಲಿ ಮೂರನೆಯ ಒಂದು ಭಾಗ ತೀರುತ್ತದೆ.

5. ಹಗಲನ್ನಷ್ಟೇ ಎಣಿಸುವ ಸಂಸ್ಥೆಗಳು

ಸಂಕಷ್ಟದಲ್ಲಿರುವ ಮಗುವಿನ ಹಿತ ನೋಡುವ ಸಂಸ್ಥೆಗಳ ಲೆಕ್ಕದಲ್ಲೂ ರಾತ್ರಿ ಇಲ್ಲ. ದಂಪತಿ ಬೇರೆಯಾದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಜಂಟಿ ಪಾಲನೆಯ ಸೂತ್ರ ಕೊಟ್ಟಿತು: ಜನವರಿಯಿಂದ ಜೂನ್ ಕೊನೆಯವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ, ಖರ್ಚು ಇಬ್ಬರದು, ಇನ್ನೊಬ್ಬರಿಗೆ ಶನಿವಾರ, ಭಾನುವಾರ ಭೇಟಿ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಯನ್ನು ಪರಿಗಣಿಸುವಾಗ ಇದನ್ನು ಗಮನಿಸಿತು. ತಂದೆ ತಾಯಿಗೆ ಸಮಪಾಲು ಕೊಡುವ ದೃಷ್ಟಿಯಿಂದ ಇದು ಮುಂದಿನ ಹೆಜ್ಜೆ. ಇದೇ ಸೂತ್ರವನ್ನು ಆರು ವರ್ಷದ ಮಗುವಿಗೆ ಅನ್ವಯಿಸಿದರೆ ಒಂದು ತೊಡಕು ಕಾಣುತ್ತದೆ. ಕರ್ನಾಟಕದಲ್ಲಿ ಶಾಲೆ ತೆರೆಯುವುದು ಮೇ ಕೊನೆ, ಜೂನ್ ಮೊದಲಿಗೆ. ಜುಲೈ 1ರಂದು ಮನೆ ಬದಲಾದರೆ, ಹೊಸ ತರಗತಿ, ಹೊಸ ಮಿಸ್ ಜೊತೆಗೆ ಆಗತಾನೇ ಹೊಂದಿಕೊಂಡ ಮಗು ನಾಲ್ಕೈದು ವಾರದಲ್ಲೇ ಹೊಸ ಹಾಸಿಗೆಗೂ ಹೊಂದಿಕೊಳ್ಳಬೇಕು.

ಕೋವಿಡ್ ಕಾಲದಲ್ಲೂ ಹೀಗೇ ಆಯಿತು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು 2021ರ ಅಕ್ಟೋಬರ್ 25ರಂದು, ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ ನವೆಂಬರ್ 8ರಂದು ಮತ್ತೆ ತೆರೆದವು. ಅನಾಥರಾದ ಮಕ್ಕಳಿಗೆ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ನೆರವು ಸಿಕ್ಕಿತು, ತಪ್ಪಿದ ಪಾಠಕ್ಕೆ 2022–23ರಲ್ಲಿ ಕಲಿಕಾ ಚೇತರಿಕೆ ಬಂತು. ಹಣಕ್ಕೂ ಪಾಠಕ್ಕೂ ಯೋಜನೆಯಾಯಿತು. ಸಾವಿನ ಮನೆಯಿಂದ ತರಗತಿಗೆ ಬಂದ ಮಗು ರಾತ್ರಿ ಯಾರ ಜೊತೆ, ಎಷ್ಟು ಹೊತ್ತು ಮಲಗುತ್ತದೆ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಮುಖ್ಯವಾಗಲಿಲ್ಲ.

6. ಒಂದು ಎಚ್ಚರಿಕೆ

ದಣಿದ ಮಗುವನ್ನೆಲ್ಲ ಮನೆಯ ಕಷ್ಟಕ್ಕೆ ತಳುಕು ಹಾಕುವುದೂ ತಪ್ಪು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 65.5 ಮಕ್ಕಳಿಗೆ ರಕ್ತಹೀನತೆಯಿದೆ. ಅಡಿನಾಯ್ಡ್ ಬೆಳೆದು ಗೊರಕೆ ಹೊಡೆಯುವ ಮಗು ಹತ್ತು ಗಂಟೆ ಮಲಗಿಯೂ ದಣಿದೇ ಏಳುತ್ತದೆ. ಗುರುತಿಸಲು ಎರಡು ಪ್ರಶ್ನೆ ಸಹಾಯಕ: ದಣಿವು ಯಾವಾಗ ಶುರುವಾಯಿತು? ರಜೆಯಲ್ಲಿ ಬೇಕಾದಷ್ಟು ಮಲಗಿದ ಮೇಲೆ ಇಳಿಯುತ್ತದೆಯೇ? ಮನೆಯ ಘಟನೆಯ ಜೊತೆಗೇ ಶುರುವಾಗಿ ರಜೆಯಲ್ಲಿ ತಗ್ಗುವ ದಣಿವು ನಿದ್ದೆಯ ಸಾಲವಿರಬಹುದು. ತಗ್ಗದಿದ್ದರೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ನಿದ್ದೆ ಸರಿಹೋದ ಮೇಲೂ ಮಗು ಮೂಕವಾಗಿ, ಆಟ ಬಿಟ್ಟು ಕೂತರೆ ಆಪ್ತ ಸಮಾಲೋಚನೆಯ ಅಗತ್ಯವಿದೆ. ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಈ ಪ್ರದೇಶದ ಮಗ್ಗುಲಲ್ಲೇ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

7. ಶಾಲೆಯ ಕೈಯಲ್ಲಿರುವುದು

‘ಪೋರ್ಷನ್ ಮುಗಿಯಬೇಕು, ಮಲಗಿಸಲು ಹೊತ್ತೆಲ್ಲಿ?’ ಎಂಬ ಆಕ್ಷೇಪಕ್ಕೆ ಕಾನೂನಿನಲ್ಲೇ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ ಸಾಕೆನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ. ಬೆಳಗ್ಗೆ ಎಂಟೂಕಾಲಿಗೆ ಶುರುವಾಗಿ ಎರಡೂವರೆಗೆ ಮುಗಿಯುವ ಶಾಲೆಯ ಬಳಿ ಆರು ಗಂಟೆಗೂ ಹೆಚ್ಚಿದೆ. ಅದರಲ್ಲಿ ಅರ್ಧ ಗಂಟೆ ಚಾಪೆ ಹಾಸಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಪೂರ್ವ ಪ್ರಾಥಮಿಕಕ್ಕೆ ಈ 800 ಗಂಟೆಯ ಕಟ್ಟೂ ಇಲ್ಲ. ತೂಕಡಿಸಿದ ಮಗುವನ್ನು ಎಲ್ಲರೆದುರು ನಿಲ್ಲಿಸುವುದು ಅದೇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುವ ಮಾನಸಿಕ ಹಿಂಸೆಗೆ ಹತ್ತಿರವಾದದ್ದು. ಎರಡನೇ ತರಗತಿವರೆಗೆ ಹೋಂವರ್ಕ್ ಬೇಡವೆಂದು 2020ರ ಶಾಲಾ ಬ್ಯಾಗ್ ನೀತಿ ಹೇಳಿದೆ. ಅದನ್ನು ಪಾಲಿಸಿದರೆ ಸಂಜೆಯಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ.

ಬೋಧನಾ ಕ್ರಮಕ್ಕೂ ನಮ್ಮಲ್ಲೇ ಮಾದರಿಯಿದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ನಾಲ್ಕು ದಿನ ಸಪ್ಪಗಿದ್ದ, ಎರಡು ದಿನ ಬಾರದೇ ಹೋದ ಮಗು ಮರಳಿದ ದಿನ ಬಿಟ್ಟಲ್ಲಿಂದ ಶುರು ಮಾಡಬಹುದು. ಇಡೀ ತರಗತಿ ಒಂದೇ ಪುಟದಲ್ಲಿರಬೇಕಾದ ಖಾಸಗಿ ಶಾಲೆಯಲ್ಲಿ ಅದೇ ಮಗು ‘ಹಿಂದೆ ಬಿದ್ದಿದೆ’ ಎನಿಸಿಕೊಳ್ಳುತ್ತದೆ, ಟ್ಯೂಷನ್‌ಗೆ ಹೋಗುತ್ತದೆ, ಇನ್ನೂ ತಡವಾಗಿ ಮಲಗುತ್ತದೆ. ಸರ್ಕಾರಿ ಶಾಲೆಯ ಈ ಸಾಧನೆಯಿಂದ ಜಯನಗರದ ಖಾಸಗಿ ಶಾಲೆಗಳು ಕಲಿಯಬೇಕಾದದ್ದಿದೆ.

ಡೈರಿಯನ್ನೂ ಬೇರೆ ರೀತಿ ಬಳಸಬಹುದು. ಸಂಕಷ್ಟದ ಸುಳಿವು ಸಿಕ್ಕ ಮಗುವಿನ ಡೈರಿಯಲ್ಲಿ ಹದಿನೈದು ದಿನ ಎರಡೇ ವಿಷಯ ಬರೆಯಲು ಮನೆಯವರನ್ನು ಕೇಳುವುದು: ಎಷ್ಟು ಹೊತ್ತಿಗೆ ನಿದ್ದೆ ಹೋಯಿತು, ಯಾರ ಜೊತೆ ಮಲಗಿತು. ಕಾಯಿಲೆಯ ಹೆಸರಾಗಲಿ ಜಗಳದ ವಿವರವಾಗಲಿ ಶಾಲೆಗೆ ಬೇಡ. ‘ಮನೆಯಲ್ಲಿ ಏನು ಸಮಸ್ಯೆ’ ಎಂದು ಕೇಳಿದರೆ ಬಾಯಿ ಬಿಡದ ತಂದೆ ಹೊತ್ತು ಬರೆಯಲು ಹಿಂಜರಿಯುವುದಿಲ್ಲ. ಮನೆಯವರಿಗೂ ಒಂದು ಮಾತು: ಜೊತೆ ಮಲಗುವವರು ಬದಲಾಗಲೇಬೇಕಾದರೆ ದಿನಕ್ಕೊಬ್ಬರಾಗುವ ಬದಲು ಒಬ್ಬರೇ ಇರಲಿ, ಸಾಧ್ಯವಿದ್ದರೆ ಸಂಜೆಯ ಆಸ್ಪತ್ರೆ ಭೇಟಿಯನ್ನು ಮಗುವಿಗೆ ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ.

8. ಉಪಸಂಹಾರ

ಕಾಯಿಲೆ, ಸಾವು, ವಿಚ್ಛೇದನಗಳನ್ನು ಶಾಲೆ ತಡೆಯಲಾರದು. ಅವು ಮಗುವಿನ ಕಲಿಕೆಯನ್ನು ತಟ್ಟುವ ದಾರಿಗಳಲ್ಲಿ ನಿದ್ದೆ ಒಂದೇ ಅಲ್ಲ, ಆದರೆ ಅಳೆಯಲು ಸುಲಭವಾದದ್ದೂ ತಿದ್ದಲು ಅಗ್ಗವಾದದ್ದೂ ಅದೇ. ಜೊತೆ ಮಲಗುವ ಪದ್ಧತಿಯ ಕುಟುಂಬಗಳಲ್ಲಿ ಆರೈಕೆದಾರರು ಬದಲಾದಾಗ ನಿದ್ದೆ ಎಷ್ಟು ಕುಗ್ಗುತ್ತದೆ, ಎಷ್ಟು ದಿನಕ್ಕೆ ಚೇತರಿಸುತ್ತದೆ ಎಂಬುದು ಕ್ಷೇತ್ರಕಾರ್ಯ ಬೇಡುವ ಪ್ರಶ್ನೆ. ಆಸ್ಪತ್ರೆಗಳೂ ಶಾಲೆಗಳೂ ಇಷ್ಟು ಒತ್ತಾಗಿರುವ ದಕ್ಷಿಣ ಬೆಂಗಳೂರು ಅಂಥ ಅಧ್ಯಯನಕ್ಕೆ ಹೇಳಿಮಾಡಿಸಿದ ಜಾಗ. ಅದು ಮುಗಿಯುವ ತನಕ ಕಾಯಬೇಕಿಲ್ಲ. ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಬಿಡಿಸಿಕೊಳ್ಳಲು ಮುಖ್ಯಶಿಕ್ಷಕರ ಒಪ್ಪಿಗೆ ಇದ್ದರೆ ಸಾಕು.