ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್: ಅಂಕೆಯಾಗುವ ಸದ್ದು

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬಯಲಾಟಕ್ಕೆ ಹೋಗುವ, ಕಿವಿಗೆ ಯಂತ್ರ ಇಟ್ಟುಕೊಂಡ ಹಿರಿಯರದೊಂದು ದೂರು: ಚೆಂಡೆ ಕೇಳುತ್ತದೆ, ಭಾಗವತರ ಪದ ಕೇಳುವುದಿಲ್ಲ. ಹಳೆಯ ಸಾದಾ ಯಂತ್ರ ಎರಡನ್ನೂ ಒಟ್ಟಿಗೆ ಏರಿಸುತ್ತಿತ್ತು. ಡಿಜಿಟಲ್ ಯಂತ್ರ ಲೆಕ್ಕ ಹಾಕಿ ಏರಿಸುತ್ತದೆ. ಈ ಲೆಕ್ಕಾಚಾರವೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಚುಟುಕಾಗಿ ಡಿಎಸ್‌ಪಿ. (ಪೊಲೀಸರ ಡಿವೈಎಸ್‌ಪಿ ಬೇರೆ!)

ಸದ್ದು ಎಂದರೆ ಗಾಳಿಯ ಕಂಪನ. ಮೈಕ್ ಅದನ್ನು ವಿದ್ಯುತ್ತಿನ ಏರಿಳಿತವಾಗಿಸುತ್ತದೆ. ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕೆಗಳಾಗಿ ಬರೆದಿಡಲಾಗುತ್ತದೆ. ಸಾಮಾನ್ಯ ದೂರವಾಣಿಗೆ 8,000 ಬಾರಿ, ಸಿ.ಡಿ.ಗೆ 44,100 ಬಾರಿ. ಅಳತೆಯ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚಿನ ಕಂಪನ ಇದರಲ್ಲಿ ಸಿಗದು. ಫೋನಿನಲ್ಲಿ 'ಸ', 'ಫ' ಒಂದೇ ಥರ ಕೇಳಿಸುವುದು ಇದರಿಂದಲೇ.

ಶ್ರವಣ ಯಂತ್ರದ ಪುಟ್ಟ ಚಿಪ್ ಸದ್ದನ್ನು ತಗ್ಗು, ಎತ್ತರದ ಸ್ವರಗಳಾಗಿ ಪಾಲು ಮಾಡಿ, ಆ ಕಿವಿಗೆ ಕೇಳಿಸದ ಪಾಲನ್ನು ಹೆಚ್ಚಿಸುತ್ತದೆ, ಗಟ್ಟಿ ಸದ್ದನ್ನು ಅದುಮುತ್ತದೆ. ಚೆಂಡೆ ಪೂರ್ತಿ ಮಾಯವಾಗದು, ಪದ ಸ್ವಲ್ಪ ಬಿಡಿಸಿ ಕೇಳೀತು. ಆದರೆ ಯಾವ ಪಾಲನ್ನು ಎಷ್ಟು ಏರಿಸಬೇಕೆಂದು ಪರೀಕ್ಷೆ ಮಾಡಿಯೇ ಹೊಂದಿಸಬೇಕು. ಗಲ್ಫಿನಿಂದ ಬಂದ ಯಂತ್ರವನ್ನು ಹಾಗೆಯೇ ಸಿಕ್ಕಿಸಿಕೊಂಡು, 'ಬರೀ ಗಲಾಟೆ' ಎಂದು ಕಪಾಟಿಗೆ ಹಾಕಿದರೆ ತಪ್ಪು ಯಂತ್ರದ್ದಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಹೊಂದಾಣಿಕೆ ಎರಡೂ ಉಂಟು. ಪದಗಳನ್ನು ಕೇಳಿಸಿ ಮಾಡುವ ಪರೀಕ್ಷೆ ಮನೆಮಾತಿನಲ್ಲೇ ಆಗಲಿ. ಮಲಯಾಳ ಅರೆಬರೆ ಬಲ್ಲ ಅಜ್ಜಿಗೆ ಮಲಯಾಳದ ಪದ ಕೇಳಿಸಿದರೆ ಕಿವಿಯ ದೋಷ ಯಾವುದು, ಭಾಷೆಯ ತೊಡಕು ಯಾವುದು ಎಂದು ತಿಳಿಯದು.

ಇಸಿಜಿಯಲ್ಲಿ ಕರೆಂಟಿನ 50 ಹರ್ಟ್ಸ್ ಕಂಪನವನ್ನು ಸೋಸಿ ತೆಗೆಯುವುದೂ, ಮೊಬೈಲಿನ ಫೋಟೊವನ್ನು ಕಿರಿದಾಗಿಸುವುದೂ ಇದೇ ಡಿಎಸ್‌ಪಿ ಕೆಲಸ.