ನಿಲ್ಲಿಸುವ ವಿದ್ಯೆ: ಅಳವಂಡಿ ಸೀಮೆಯ ಬಂಡಿಯಿಂದ ಕಾರಿನ ಹಿಂಗಾಲಿಯವರೆಗೆ

ಕಾರಿನ ಹಿಂದಿನ ಬ್ರೇಕ್ ಪ್ಯಾಡುಗಳನ್ನು ಮನೆಯ ಮುಂದೆಯೇ ಬದಲಿಸಿಕೊಳ್ಳುವುದು ದೊಡ್ಡ ನಗರಗಳ ಹವ್ಯಾಸಿಗಳ ಕೆಲಸ, ಕೊಪ್ಪಳ ಜಿಲ್ಲೆಯ ಅಳವಂಡಿಯಂಥ ಹೋಬಳಿ ಊರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಭಾವಿಸುವವರು ಬಹಳ. ಗಾಡಿಯ ಬೇರೆ ಯಾವ ಭಾಗವನ್ನಾದರೂ ಮುಟ್ಟಿ, ಬ್ರೇಕನ್ನು ಮಾತ್ರ ಮಿಸ್ತ್ರಿಗೆ ಬಿಡಿ ಎಂಬ ಬುದ್ಧಿಮಾತು ಈಗ ಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಸತ್ಯದಂತಾಗಿದೆ. ಈ ಸೀಮೆಯ ವಾಹನಗಳ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಮಾತ್ರ ಬೇರೆಯದೇ ಸಂಗತಿ ಕಾಣುತ್ತದೆ. ಓಡುವ ಗಾಲಿಯನ್ನು ನಿಲ್ಲಿಸುವ ವಿದ್ಯೆ ಇಲ್ಲಿ ತಲೆಮಾರುಗಳ ಕಾಲ ಗಾಡಿಯ ಒಡೆಯನ ಕೈಯಲ್ಲೇ ಇತ್ತು. ಇಪ್ಪತ್ತನೇ ಶತಮಾನದಲ್ಲಿ ಅದು ಒಂದು ಮುಚ್ಚಿದ ಕಬ್ಬಿಣದ ಡಬ್ಬಿಯೊಳಗೆ ಸೇರಿ ಕಣ್ಣಿಗೆ ಮರೆಯಾಯಿತು. ಡಬ್ಬಿಯ ಜೊತೆಗೇ ಅದರ ತಿಳಿವಳಿಕೆಯೂ ಗ್ಯಾರೇಜಿಗೆ ಹೋಯಿತು. ಡಿಸ್ಕ್ ಬ್ರೇಕು ಹಿಂದಿನ ಗಾಲಿಗೂ ಬಂದಮೇಲೆ ಆ ಡಬ್ಬಿಯ ಬಾಯಿ ಮತ್ತೆ ತೆರೆದಿದೆ. ಹಾಗಾಗಿ ಮನೆಯಂಗಳದ ಪ್ಯಾಡ್ ಬದಲಾವಣೆಯನ್ನು ಹೊರಗಿನಿಂದ ಬಂದ ಶೋಕಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಡುವೆ ತುಂಡಾಗಿದ್ದ ಒಂದು ರೂಢಿ ಮತ್ತೆ ಮುಂದುವರಿಯುತ್ತಿದೆ ಎಂದೇ ನನ್ನ ವಾದ.

ಬಂಡಿಯಿಂದಲೇ ಶುರುಮಾಡಬೇಕು. ಅಳವಂಡಿಯ ಸುತ್ತಿನ ಎರೆ ಹೊಲಗಳು ಬಹುಮಟ್ಟಿಗೆ ಸಮತಟ್ಟು. ಇಲ್ಲಿಯ ಎತ್ತಿನ ಬಂಡಿಗೆ ಬ್ರೇಕು ಎಂಬ ಪ್ರತ್ಯೇಕ ಅಂಗವೇ ಇರಲಿಲ್ಲ. ಎಳೆಯುವ ಎತ್ತೇ ತಡೆಯುವ ಎತ್ತೂ ಆಗಿತ್ತು. ಹಗ್ಗ ಜಗ್ಗಿದಾಗ ಹಿಂದಿನ ಭಾರವೆಲ್ಲ ನೊಗದ ಮೂಲಕ ಅವುಗಳ ಕುತ್ತಿಗೆಗೆ ಬರುತ್ತಿತ್ತು. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ರೈತ ಕೆಳಗಿಳಿದು ನಡೆದದ್ದು, ನಿಂತ ಬಂಡಿಯ ಗಾಲಿಗೆ ಕಲ್ಲು ಕೊಟ್ಟದ್ದು, ಹೇರನ್ನು ಹಿಂದೆ ಮುಂದೆ ಸರಿಸಿ ಕುತ್ತಿಗೆಯ ಭಾರ ಹಗುರ ಮಾಡಿದ್ದು ಎಲ್ಲವೂ ಬ್ರೇಕಿನ ಕೆಲಸವೇ. ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಯನ್ನು ರಾಷ್ಟ್ರದ ಪ್ರಶ್ನೆಯಾಗಿ ಎತ್ತಿದಾಗ, ನೊಗ ಮತ್ತು ಗಾಲಿಯ ಜೊತೆಗೆ ಎತ್ತಿನ ಕುತ್ತಿಗೆಗೆ ಬೀಳುವ ಈ ಪೆಟ್ಟೂ ಅವರ ಕಾಳಜಿಯಾಗಿತ್ತು. ಗಾಲಿಯ ನಿರ್ವಹಣೆಯಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಿತ್ತು. ಅರೆ, ಗುಂಬ, ಅಚ್ಚುಗಳನ್ನು ಬಡಿಗ ಮಾಡಿದರೆ, ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ ಗಾಲಿಗೆ ಏರಿಸಿ ನೀರು ಹೊಯ್ದು ಬಿಗಿಸುವುದು ಕಂಬಾರನದು. ಇಬ್ಬರಿಗೂ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಆದರೆ ಕೀಲೆಣ್ಣೆ ಹಾಕುವುದು, ಕಡಾಣಿ ಸವೆದಿದೆಯೇ ಎಂದು ನೋಡುವುದು, ಗಾಲಿ ಬಿಚ್ಚಿ ಮತ್ತೆ ತೊಡಿಸುವುದು ಮನೆಯ ಕೆಲಸ. ಸವೆಯುವ ಭಾಗವನ್ನು ಒಡೆಯನೇ ನೋಡಿಕೊಳ್ಳಬೇಕು, ಕಟ್ಟುವ ಭಾಗವನ್ನು ಕಸುಬುದಾರನಿಗೆ ಒಪ್ಪಿಸಬೇಕು ಎಂಬ ಈ ಗೆರೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಗಾಲಿಗೆ ಮರವನ್ನು ಒತ್ತಿ ನಿಲ್ಲಿಸುವುದು ಈ ಸೀಮೆಗೆ ಗೊತ್ತಿರಲಿಲ್ಲವೆಂದಲ್ಲ. ಜನವರಿಯ ಕೊಪ್ಪಳ ಗವಿಮಠದ ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ಹೊರಡುವಂಥ ಮಹಾರಥಗಳನ್ನು ತಡೆಯಲು, ತಿರುಗಿಸಲು ಗಾಲಿಯಡಿ ಮರದ ದಿಮ್ಮಿ ಕೊಡುವುದೇ ನಾಡಿನ ಎಲ್ಲ ತೇರುಗಳ ಕ್ರಮ. ಆ ದಿಮ್ಮಿ ಹಿಡಿದವರು ಎಳೆಯುವವರಿಗಿಂತ ನುರಿತವರಾಗಿರಬೇಕು. ಯಾವ ಗಳಿಗೆಯಲ್ಲಿ, ಯಾವ ಗಾಲಿಗೆ, ಎಷ್ಟು ಓರೆಯಾಗಿ ಕೊಡಬೇಕೆಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಘಟ್ಟದ ಕಡೆ ಹೋದರೆ ಇದೇ ವಿದ್ಯೆ ಬಂಡಿಗೂ ಬೇಕಾಗುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೇಡಿಕೆ ಏರಿದಾಗ ಧಾರವಾಡ ಸೀಮೆಯ ಎರೆನೆಲದ ಹತ್ತಿಯನ್ನು ಕಾರವಾರ, ಕುಮಟಾ ಬಂದರುಗಳಿಗೆ ಇಳಿಸುವ ದಾರಿಗಳು ಬಲಗೊಂಡವು. ಹೇರು ತುಂಬಿದ ಬಂಡಿಯನ್ನು ಘಟ್ಟದಲ್ಲಿ ಎತ್ತಿನ ಕುತ್ತಿಗೆಯೊಂದರ ಮೇಲೆ ಬಿಟ್ಟು ಇಳಿಸಲಾಗದು. ಗಾಲಿಗೆ ಮರವನ್ನು ಒತ್ತಬೇಕು, ಇಲ್ಲವೆ ಹಗ್ಗದಿಂದ ಗಾಲಿಯನ್ನೇ ಬಿಗಿದು ಎಳೆಯಬೇಕು.

ಮರ ಮತ್ತು ಗಾಲಿಯ ಈ ತಿಕ್ಕಾಟದಿಂದಲೇ ಇಂದಿನ ಬ್ರೇಕ್ ಪ್ಯಾಡು ಹುಟ್ಟಿತು, ಅದೂ ಯಾವ ಪ್ರಯೋಗಾಲಯದಲ್ಲೂ ಅಲ್ಲ. 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳೊಂದಿಗೆ ಮನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ಗಂಡನ ಮೋಟಾರು ಗಾಡಿಯನ್ನು ಓಡಿಸಿಕೊಂಡು ಹೋದಳು. ಇಳಿಜಾರುಗಳಲ್ಲಿ ಗಾಡಿಯ ಮರದ ಬ್ರೇಕು ಸವೆದುಹೋದಾಗ ದಾರಿಯ ಹಳ್ಳಿಯ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿಕೊಂಡಳು. ಬ್ರೇಕಿಗೆ ಹಾಕಿದ ಮೊದಲ ಲೈನಿಂಗ್ ಇದೇ ಎಂದು ಮೋಟಾರು ಚರಿತ್ರೆಕಾರರು ಹೇಳುತ್ತಾರೆ. ಹತ್ತು ವರ್ಷದೊಳಗೆ, 1897ರಲ್ಲಿ, ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಗುಡ್ಡ ಇಳಿಯುವ ಕುದುರೆ ಗಾಡಿಗಳವರು ಹಳೆಯ ಬೂಟಿನ ತುಂಡುಗಳನ್ನು ಬ್ರೇಕಿನ ಮರಕ್ಕೆ ಸಿಕ್ಕಿಸುವುದನ್ನು ಕಂಡು ಇನ್ನೂ ಉತ್ತಮವಾದ ಲೈನಿಂಗ್ ಮಾಡಲು ತೊಡಗಿದನಂತೆ. ಅವನ ಲೈನಿಂಗಿನ ಫೆರೋಡೊ ಎಂಬ ಹೆಸರು ಮುಂದೆ ಲೋಕದ ಗ್ಯಾರೇಜುಗಳಲ್ಲೆಲ್ಲ ಪರಿಚಿತವಾಯಿತು. ಬೂಟಿನ ತುಂಡು ಸಿಕ್ಕಿಸಿದ ಆ ಗಾಡಿಕಾರರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಗಾಡಿ ಅವರದು, ಇಳಿಜಾರು ಅವರ ದಿನನಿತ್ಯದ್ದು. ಪ್ಯಾಡಿನ ಹುಟ್ಟೇ ಒಡೆಯನ ಕೈಯ ರಿಪೇರಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಬೇಕಿಲ್ಲ.

ಹಾಗಾದರೆ ಈ ಕೆಲಸ ಮನೆಯಿಂದ ದೂರ ಹೋದದ್ದು ಯಾವಾಗ? ಮೋಟಾರು ವಾಹನ ಬಂದ ಕಾಲಕ್ಕೆ ಕೊಪ್ಪಳ ಸೀಮೆ ನಿಜಾಮನ ಆಳ್ವಿಕೆಯಲ್ಲಿ, ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಅಳವಂಡಿಯ ಪಕ್ಕದ ಮುಂಡರಗಿ ಮುಂಬೈ ಪ್ರಾಂತದಲ್ಲಿತ್ತು. ಗದಗ–ಹೊಸಪೇಟೆ ರೈಲು ಹತ್ತೊಂಬತ್ತನೇ ಶತಮಾನದಲ್ಲೇ ಕೊಪ್ಪಳವನ್ನು ಮುಟ್ಟಿದ್ದರೂ ಹಳ್ಳಿಯ ದಾರಿಗಳು ಬಂಡಿಗಳವೇ ಆಗಿದ್ದವು. 1932ರಲ್ಲಿ ನಿಜಾಮನ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳೊಂದಿಗೆ ಆರಂಭಿಸಿತು. ಬಸ್ಸು, ಲಾರಿಗಳೊಂದಿಗೆ ಡ್ರಮ್ ಬ್ರೇಕು ಬಂತು. ಲೂಯಿ ರೆನೋ 1902ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಗಾಲಿಯೊಂದಿಗೆ ತಿರುಗುವ ಕಬ್ಬಿಣದ ಡ್ರಮ್ಮಿನೊಳಗೆ ಎರಡು ಶೂಗಳು ಅಗಲಿಕೊಂಡು ಒಳಮೈಗೆ ಒತ್ತುತ್ತವೆ. ಧೂಳು, ಕೆಸರು ಒಳಗೆ ಹೋಗದಿರುವುದು ನಮ್ಮ ರಸ್ತೆಗಳಿಗೆ ದೊಡ್ಡ ಲಾಭವೇ. ಆದರೆ ಲೈನರ್ ಎಷ್ಟು ಸವೆದಿದೆಯೆಂದು ನೋಡಲು ಡ್ರಮ್ಮನ್ನೇ ಬಿಚ್ಚಬೇಕು. ತುಕ್ಕು ಹಿಡಿದ ಡ್ರಮ್ಮು ಸುಲಭಕ್ಕೆ ಬರುವುದಿಲ್ಲ. ಒಳಗಿನ ಸ್ಪ್ರಿಂಗುಗಳು ಎಡ ಬಲ ತಪ್ಪಿದರೆ ಕೂರುವುದಿಲ್ಲ. ಹಳೆಯ ಲೈನರ್ ಕಿತ್ತು ಹೊಸದಕ್ಕೆ ರಿವಿಟ್ ಹೊಡೆಯುವ ಕೆಲಸವಂತೂ ಅಭ್ಯಾಸವಿಲ್ಲದವರದಲ್ಲ. ಸ್ವಾತಂತ್ರ್ಯಾನಂತರ ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಡರ್ ಕಾರು, ಜೀಪು, ಲಾರಿಗಳಿಗೆ ನಾಲ್ಕೂ ಕಡೆ ಡ್ರಮ್ಮೇ ಇತ್ತು. 1962ರಲ್ಲಿ ಬ್ರೇಕ್ಸ್ ಇಂಡಿಯಾ, 1964ರಲ್ಲಿ ರಾಣೆ ಬ್ರೇಕ್ ಲೈನಿಂಗ್ಸ್ ಮದ್ರಾಸಿನಲ್ಲಿ ಆರಂಭವಾಗಿ ಸಾಮಾನು ಸ್ವದೇಶದಲ್ಲೇ ಸಿಗತೊಡಗಿದರೂ ಅದನ್ನು ಕೂರಿಸುವ ಕೈ ಗ್ಯಾರೇಜಿನದೇ ಆಗಿ ಉಳಿಯಿತು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಯಿತು, ಇದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ತುಂಗಭದ್ರಾ ಅಣೆಕಟ್ಟೆಯ ನೀರು 1953ರ ನಂತರ ಗಂಗಾವತಿ ಕಡೆಗೆ ಹರಿದು ಭತ್ತದ ನಾಡು ಬೆಳೆಯಿತು, ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರಿಗೆ ಬ್ರೇಕಿದೆ, ಅದರ ಹಿಂದಿನ ಟ್ರೇಲರಿಗೆ ಹೆಚ್ಚಿನ ಕಡೆ ಸ್ವಂತ ಬ್ರೇಕೇ ಇಲ್ಲ. ಹೇರಿನ ಭಾರವೆಲ್ಲ ಮುಂದಿನದನ್ನು ನೂಕುತ್ತದೆ, ಎತ್ತಿನ ಕುತ್ತಿಗೆ ಹೊತ್ತ ಪಾಡನ್ನು ಈಗ ಟ್ರ್ಯಾಕ್ಟರಿನ ಕೊಂಡಿ ಹೊರುತ್ತಿದೆ. ಬ್ರೇಕು ಪರಿಣತರಿಗೇ ಸೇರಿದ್ದು ಎಂದು ಒಪ್ಪಿಕೊಂಡ ಸಮಾಜ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟುಕೊಟ್ಟಿತು ಎಂಬುದಕ್ಕೆ ನಾನು ಈ ಟ್ರೇಲರನ್ನು ಸಾಕ್ಷಿಯಾಗಿ ನೋಡುತ್ತೇನೆ.

ಡಿಸ್ಕ್ ಬ್ರೇಕಿನ ಕಲ್ಪನೆಗೆ ಡ್ರಮ್ಮಿನಷ್ಟೇ ವಯಸ್ಸು. ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಹಕ್ಕುಪತ್ರ ಪಡೆದಿದ್ದ. 1953ರ ಲ ಮಾನ್ಸ್ ಓಟದಲ್ಲಿ ಜಾಗ್ವಾರ್ ಕಾರು ಅದರ ಬಲದಿಂದ ಗೆದ್ದಮೇಲೆ ಲೋಕ ಅದನ್ನು ಒಪ್ಪಿತು. ನಮ್ಮಲ್ಲಿ ಮೊದಲು ಮುಂದಿನ ಗಾಲಿಗೆ ಮಾತ್ರ ಬಂತು. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಹಿಂಗಾಲಿಯ ಪಾಲಿನ ಕೆಲಸ ಕಡಿಮೆ, ಕೈಬ್ರೇಕಿಗೆ ಡ್ರಮ್ಮು ಅನುಕೂಲ, ಬೆಲೆಯೂ ಅಗ್ಗ. ಅದಕ್ಕೇ ಚಿಕ್ಕ ಕಾರುಗಳಲ್ಲಿ ಹಿಂದೆ ಇಂದಿಗೂ ಶೂಗಳೇ ಇವೆ. ಹಿಂದೆಯೂ ಡಿಸ್ಕ್ ಇರುವ ಕಾರಿನಲ್ಲಿ ಗಾಲಿ ಬಿಚ್ಚಿದೊಡನೆ ಎಲ್ಲವೂ ಎದುರಿಗೆ ಕಾಣುತ್ತದೆ. ಮಟ್ಟಸ ನೆಲದಲ್ಲಿ ಮುಂಗಾಲಿಗಳಿಗೆ ಅಡ್ಡ ಕೊಟ್ಟು, ಕೈಬ್ರೇಕು ಸಡಿಲಿಸಿ, ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ ಗಾಲಿ ತೆಗೆಯಬೇಕು. ಜಾಕೊಂದನ್ನೇ ನಂಬಿ ಕೆಳಗೆ ಕೈಯಿಡಬಾರದು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ, ಸಾಮಾನ್ಯವಾಗಿ ಎರಡು ಬೋಲ್ಟುಗಳಲ್ಲಿ ನಿಂತಿರುವ ಕ್ಯಾಲಿಪರನ್ನು ಬಿಚ್ಚಿ, ಅದು ರಬ್ಬರ್ ಕೊಳವೆಯಿಂದ ಜೋತಾಡದಂತೆ ತಂತಿಯಿಂದ ಕಟ್ಟಿಡಬೇಕು. ಕೈಬ್ರೇಕಿನ ಯಂತ್ರವೂ ಅದರೊಳಗೇ ಇರುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ನು ಮುಂದಿನದರಂತೆ ಬರಿಯ ಒತ್ತಡಕ್ಕೆ ಒಳಗೆ ಹೋಗುವುದಿಲ್ಲ, ತಿರುಗಿಸುತ್ತ ಒತ್ತಬೇಕು. ಇದನ್ನು ತಿಳಿಯದೆ ಕ್ಲಾಂಪು ಬಿಗಿದವರು ಕ್ಯಾಲಿಪರನ್ನೇ ಕೆಡಿಸುತ್ತಾರೆ. ಪಿಸ್ಟನ್ನು ಒಳಗೆ ಸರಿದಂತೆ ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಏರುತ್ತದೆ, ಅದು ಚೆಲ್ಲಿ ಬಣ್ಣ ತಿನ್ನದಂತೆ ನೋಡಬೇಕು. ಒಂದು ಬದಿಗೆ ಹೊಸ ಪ್ಯಾಡು, ಇನ್ನೊಂದಕ್ಕೆ ಹಳೆಯದು ಎಂಬ ಉಳಿತಾಯ ಕೂಡದು. ಎಲ್ಲ ಮುಗಿದಮೇಲೆ, ಕಾರು ಒಂದು ಗೇಣು ಅಲುಗುವ ಮೊದಲೇ ಪೆಡಲು ಗಟ್ಟಿಯಾಗುವವರೆಗೆ ತುಳಿಯಬೇಕು. ಕಡಾಣಿ ನೋಡಿ ಕೀಲೆಣ್ಣೆ ಹಾಕಿದ ಮನೆಗಳಿಗೆ ನಿಲುಕದ ಕೆಲಸ ಇದರಲ್ಲಿ ಒಂದೂ ಇಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಂಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುತ್ತಿತ್ತು. ಕೊಪ್ಪಳವನ್ನು ಹಾದು ಒಂದೆಡೆ ಅಂಕೋಲೆಗೂ ಇನ್ನೊಂದೆಡೆ ಗುತ್ತಿಗೂ ಹೋಗುವ, ಹಿಂದೆ 63ನೇ ಸಂಖ್ಯೆಯದಾಗಿದ್ದ ಹೆದ್ದಾರಿಯಲ್ಲಿ ಕಾರು ನೂರರ ವೇಗದಲ್ಲಿ ಓಡುತ್ತದೆ. ತಪ್ಪಿದರೆ ಸಾಯುವವನು ಒಡೆಯನೊಬ್ಬನೇ ಅಲ್ಲ, ಎದುರಿಗೆ ಬರುವವನೂ ಹೌದು. ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಇದೇ ದಾರಿಯಿಂದ ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲವನ್ನು ಕಂಡವರಿಗೆ ಬ್ರೇಕು ಕೈಕೊಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಿಜ. ಆದರೆ ಈ ಆಕ್ಷೇಪ ಮನೆಯನ್ನೂ ಗ್ಯಾರೇಜನ್ನೂ ಸ್ಥಳವಾಗಿ ಹೋಲಿಸುತ್ತಿದೆ. ಹೋಲಿಸಬೇಕಾದದ್ದು ಕೆಲಸದ ಕ್ರಮವನ್ನು. ಗ್ಯಾರೇಜಿನಲ್ಲೇ ಆದರೂ ಅವಸರದ ಕೆಲಸ ಅಪಾಯದ್ದೇ. ಸವೆತವನ್ನು ಮೊದಲು ಕಾಣಬೇಕಾದವನು ಆರು ತಿಂಗಳಿಗೊಮ್ಮೆ ಗಾಡಿ ನೋಡುವ ಮಿಸ್ತ್ರಿಯಲ್ಲ, ದಿನವೂ ಓಡಿಸುವ ಒಡೆಯ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದಿದೆಯೇ ಎಂದು ತಾನೇ ನೋಡಿದವನು ಕಿರಗುಟ್ಟುವ ಸದ್ದು ಬರುವವರೆಗೆ ಕಾಯುವುದಿಲ್ಲ. ಎಣ್ಣೆಯ ಕೊಳವೆ ಬಿಚ್ಚುವ ಕೆಲಸ, ಗಾಳಿ ಹೊಕ್ಕ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ, ಎಬಿಎಸ್ ಘಟಕದ ಕೆಲಸ ಕಸುಬುದಾರರವೇ. ಬಡಿಗನ ಅಚ್ಚಿಗೂ ಮನೆಯ ಕಡಾಣಿಗೂ ನಡುವೆ ಇದ್ದ ಗೆರೆ ಇಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ.

ಮನೆಗಿಂತ ಗ್ಯಾರೇಜೇ ಸುರಕ್ಷಿತ ಎಂಬ ಮಾತಿನಲ್ಲಿ ಮರೆತುಹೋಗುವ ಸಂಗತಿ ಒಂದಿದೆ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಇಪ್ಪತ್ತನೇ ಶತಮಾನದ ಬಹುಪಾಲು ಲೈನರುಗಳು ಕಲ್ನಾರಿನವು. ಸವೆದ ಪುಡಿ ಡ್ರಮ್ಮಿನೊಳಗೇ ಕೂಡಿಕೊಳ್ಳುತ್ತಿತ್ತು. ಡ್ರಮ್ಮು ಬಿಚ್ಚಿದ ಹುಡುಗರು ಅದನ್ನು ಗಾಳಿಯ ಪೈಪಿನಿಂದಲೋ ಬಾಯಿಂದಲೋ ಊದಿ ತೆಗೆಯುತ್ತಿದ್ದರು. ಕಲ್ನಾರು ಶ್ವಾಸಕೋಶಕ್ಕೆ ಮಾಡುವ ಹಾನಿ ದಶಕಗಳ ನಂತರ ಕಾಣುತ್ತದೆ, ಅದರ ಲೆಕ್ಕವನ್ನು ಯಾವ ಊರೂ ಇಟ್ಟಿಲ್ಲ. ಯುರೋಪಿನ ಒಕ್ಕೂಟ 2005ರಿಂದ ಅದನ್ನು ಸಂಪೂರ್ಣ ನಿಷೇಧಿಸಿತು. ನಮ್ಮಲ್ಲಿ ಬಿಳಿ ಕಲ್ನಾರಿನ ಬಳಕೆ ಪೂರ್ತಿ ನಿಂತಿಲ್ಲ. ಆದ್ದರಿಂದ ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಬ್ರೇಕಿನ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು, ಕಲ್ನಾರು ಇಲ್ಲವೆಂದು ಮೇಲೆ ಬರೆದಿರುವ ಪ್ಯಾಡನ್ನೇ ಕೊಳ್ಳಬೇಕು. ಈ ವಿಷಯದಲ್ಲಿ ಮನೆಯಂಗಳದ ರೂಢಿಗೆ ವಿನಾಯಿತಿ ಕೊಡಲು ನಾನು ಸಿದ್ಧನಿಲ್ಲ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಬಡಿಗ, ಕಂಬಾರ, ಆಯ ಎಂದು ಹಳೆಯದನ್ನು ಹೊಗಳುವುದು ಸುಲಭ, ಆದರೆ ಆ ವ್ಯವಸ್ಥೆಯಲ್ಲಿ ಕಸುಬು ಹುಟ್ಟಿಗೆ ಕಟ್ಟಿಬಿದ್ದಿತ್ತು, ಕೂಲಿ ಇನ್ನೊಬ್ಬರ ಸುಗ್ಗಿಯನ್ನು ಅವಲಂಬಿಸಿತ್ತು ಎಂಬುದು ಅದರ ಸಾರ. ಈ ಮಾತನ್ನು ನಾನು ಒಪ್ಪುತ್ತೇನೆ. ಗ್ಯಾರೇಜು ಈ ಕಟ್ಟನ್ನು ಸಡಿಲಿಸಿತು. ಪಾನಾ ಹಿಡಿಯಲು ಯಾವ ಮನೆಯಲ್ಲಿ ಹುಟ್ಟಿದೆ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ನಾನು ಹಿಂದಿನದರಿಂದ ಎತ್ತಿಕೊಳ್ಳುತ್ತಿರುವುದು ಆಯವನ್ನಲ್ಲ, ಕೆಲಸದ ಹಂಚಿಕೆಯನ್ನು ಮಾತ್ರ. ಒಡೆಯ ಪ್ಯಾಡು ಬದಲಿಸಿಕೊಂಡರೆ ಮಿಸ್ತ್ರಿಯ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ತನ್ನ ಗಾಡಿಯನ್ನು ಬಲ್ಲವನು ಸರಿಯಾದ ಹೊತ್ತಿಗೆ, ಸರಿಯಾದ ಕೆಲಸಕ್ಕೆ, ಸರಿಯಾದ ಕೂಲಿಗೆ ಮಿಸ್ತ್ರಿಯ ಬಳಿ ಬರುತ್ತಾನೆ. ಮಿಸ್ತ್ರಿಯ ಜಾಣ್ಮೆಯನ್ನು ಗುರುತಿಸಬಲ್ಲ ಗಿರಾಕಿಯೂ ಅವನೇ.

ಈಗ ಡಬ್ಬಿಯ ಬಾಯಿ ಮತ್ತೆ ಮುಚ್ಚುವ ಸೂಚನೆಗಳಿವೆ. ಹೊಸ ಕಾರುಗಳಲ್ಲಿ ಕೈಬ್ರೇಕಿನ ಹಿಡಿಯ ಬದಲು ಗುಂಡಿ ಬಂದಿದೆ. ಹಿಂದಿನ ಕ್ಯಾಲಿಪರಿನಲ್ಲಿ ಪುಟ್ಟ ಮೋಟಾರು ಕೂತಿದೆ. ಅದನ್ನು ದುರಸ್ತಿಯ ಸ್ಥಿತಿಗೆ ತರದೆ ಪಿಸ್ಟನ್ನು ಒತ್ತಿದರೆ ಒಳಗಿನ ಹಲ್ಲುಗಳು ಮುರಿಯುತ್ತವೆ, ಕೆಲಸದ ನಡುವೆ ಮೋಟಾರು ತಾನಾಗಿ ಓಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಆ ಸ್ಥಿತಿಗೆ ತರಲು ಪೆಡಲು ಮತ್ತು ಗುಂಡಿಯ ಒಂದು ಕ್ರಮ ಸಾಕು, ಇನ್ನು ಕೆಲವಕ್ಕೆ ಕಂಪ್ಯೂಟರ್ ಉಪಕರಣವೇ ಬೇಕು. ಕಾರು ತಯಾರಿಸುವವರು ಈ ಕ್ರಮವನ್ನು ತಮ್ಮ ಅಧಿಕೃತ ಕೇಂದ್ರಗಳಲ್ಲಷ್ಟೇ ಇಟ್ಟುಕೊಳ್ಳದೆ, ಕಾರಿನೊಂದಿಗೆ ಕೊಡುವ ಕೈಪಿಡಿಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿಸಬೇಕು. ಆಗ ಅಳವಂಡಿಯ ಒಡೆಯನೂ ಅಳವಂಡಿಯ ಮಿಸ್ತ್ರಿಯೂ ಒಂದು ಜೊತೆ ಪ್ಯಾಡಿಗಾಗಿ ಹೊಸಪೇಟೆಗೋ ಹುಬ್ಬಳ್ಳಿಗೋ ಕಾರು ಒಯ್ಯುವುದು ತಪ್ಪುತ್ತದೆ.